ಮಣ್ಣುಂಡೆ ಹೊತ್ತವರು

ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹಳೇ ರಸ್ತೆಯಲ್ಲಿ ಹೋದರೆ ಜಾನಪದ ಲೋಕ ಸಿಗುತ್ತದೆ. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಬೆಂಗಳೂರು ಮೈಸೂರಿನ ಕಾರುಗಳು ಊರನ್ನು ಮುಟ್ಟದೆ ಹೊರಗಿನಿಂದಲೇ ಹಾದುಹೋಗುತ್ತವೆ. ಮುಟ್ಟದೆ ಹಾದುಹೋಗುವುದು ಈ ನಾಡಿಗೆ ಹೊಸ ವಿದ್ಯೆಯೇನಲ್ಲ. ನಾವು ಹೋದದ್ದು ಕೆಂಪು ಬಸ್ಸಿನಲ್ಲಿ, ಹಳೇ ರಸ್ತೆಯಲ್ಲಿ, ಒಂದು ಭಾನುವಾರ.

ನಾವು ಎಂದರೆ ಮೂವರು ಗೆಳೆಯರು. ಮೂವರ ಮನೆಯಲ್ಲೂ ಡಿಗ್ರಿ ಎಂಬ ಕಾಗದವನ್ನು ಮೊದಲು ಕಂಡವರು ನಾವೇ. ನಮ್ಮ ಜೊತೆಗೆ ತಾತ. ಲೆಕ್ಕಕ್ಕೆ ನಮ್ಮಲ್ಲೊಬ್ಬನ ತಾತ, ಆದರೆ ಕೇರಿಯಲ್ಲಿ ತಾತ ಎಂದರೆ ಎಲ್ಲರಿಗೂ ತಾತನೇ. ಎಂಬತ್ತು ದಾಟಿದ ಜೀವ. ಅವರಪ್ಪ ನಮ್ಮೂರಿನ ಕುಳವಾಡಿ, ಅವನೇ ತೋಟಿ. ಎಷ್ಟೋ ಊರಲ್ಲಿ ಇವೆರಡೂ ಬೇರೆ ಬೇರೆ ಇದ್ದಿರಬಹುದು, ನಮ್ಮೂರಲ್ಲಿ ಎರಡೂ ಒಂದೇ ಮನೆಯ ಹೆಗಲ ಮೇಲಿದ್ದವು. 'ಹಳೇ ಕಾಲದ ಸಾಮಾನೆಲ್ಲ ಮಡಗವ್ರಂತೆ, ನೋಡ್ಕೊಂಡು ಬರಾನ ಬಾ ತಾತ' ಎಂದು ಕರೆದರೆ, 'ನಮ್ಮನೆ ಅಟ್ಟ ನೋಡಿದ್ರೆ ಸಾಲ್ದೇನ್ಲಾ' ಎಂದ. ಆದರೂ ಬಿಳೀ ಪಂಚೆ ಉಟ್ಟು ಬಸ್ ಸ್ಟ್ಯಾಂಡಿಗೆ ನಮಗಿಂತ ಮೊದಲೇ ಬಂದು ಕೂತಿದ್ದ.

ಜಾನಪದ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಐ.ಎ.ಎಸ್. ಅಧಿಕಾರಿಯಾಗಿ ದುಡಿದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ಈ ಹದಿನೈದು ಎಕರೆಯ ಲೋಕ ತೆರೆಯಿತು. 2005ರಲ್ಲಿ ಅವರು ತೀರಿಕೊಂಡರು. ಅಧಿಕಾರದಲ್ಲಿದ್ದವರು ನಿವೃತ್ತರಾದ ಮೇಲೆ ಸಾಮಾನ್ಯವಾಗಿ ಏನು ಕಟ್ಟಿಕೊಳ್ಳುತ್ತಾರೆ ಎಂಬುದು ನಮಗೆಲ್ಲ ಗೊತ್ತಿದೆ. ಈ ಮನುಷ್ಯ ಮೊರ, ಕುಕ್ಕೆ, ಬೀಸೋಕಲ್ಲು, ಗೊಂಬೆಗಳನ್ನು ಕೂಡಿಸಿಟ್ಟರು, ಊರೂರು ತಿರುಗಿ ಹಾಡುವ ಗಂಟಲುಗಳನ್ನು ಟೇಪಿಗೆ ಹಿಡಿದರು. ಇದಕ್ಕೂ ಮುಂಚೆ 1968ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಇಂಥ ಕೆಲಸ ಶುರು ಮಾಡಿದ್ದರು. ಇವರ್ಯಾರೂ ಇಲ್ಲದಿದ್ದರೆ ನಮ್ಮಜ್ಜಿಯರ ವಾಡೆಗಳು ಒಡೆದ ಮಡಕೆಗಳ ಜೊತೆ ತಿಪ್ಪೆ ಸೇರುತ್ತಿದ್ದವು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಮುಂದೆ ಹೇಳಹೊರಟಿರುವುದು ಯಾವುದೇ ಒಂದು ಸಂಸ್ಥೆಯ ಮೇಲಿನ ದೂರಲ್ಲ. ವಸ್ತುವನ್ನು ಉಳಿಸಿದರೆ ಮನುಷ್ಯ ಉಳಿಯುತ್ತಾನೋ ಎಂಬ ಕೇಳ್ವಿ ಅದು.

ಒಳಗೆ ಹೋದ ತಾತ ನಮಗಿಂತ ಜೋರಾಗಿ ನಡೆದ. ಲೋಕಮಾತಾ ಮಂದಿರದಲ್ಲಿ ಮನೆಯ ಸಾಮಾನುಗಳು, ಲೋಕಮಹಲಿನಲ್ಲಿ ಬೇಸಾಯದವು, ಬೇಟೆಯವು, ಮುಖವಾಡ, ತೊಗಲು ಗೊಂಬೆ, ವಾದ್ಯಗಳು. ನಾವು ಚೀಟಿ ಓದುತ್ತಿದ್ದರೆ ತಾತ ಚೀಟಿಗೆ ಕಣ್ಣೇ ಹಾಯಿಸದೆ ಸಾಮಾನನ್ನೇ ಮಾತಾಡಿಸುತ್ತಿದ್ದ. 'ಇದರ ಹಿಡಿ ಸರಿಯಿಲ್ಲ.' 'ಇದು ಹೆಂಗಸ್ರು ಹಿಡಿಯೋದು, ಗಂಡಸ್ರುದಲ್ಲ.' ಓದು ಬಂದವರಿಗೆ ವಸ್ತುವಿನ ಹೆಸರು ತಿಳಿಯುತ್ತದೆ, ತಾತನಿಗೆ ಅದರ ಭಾರ ಗೊತ್ತಿತ್ತು.

ಬೇಸಾಯದ ಸಾಮಾನುಗಳ ಮುಂದೆ ನಿಂತಾಗ ಕಪಿಲೆಯ ಮಾತು ಬಂತು. ಪಂಪುಸೆಟ್ಟು ಬರುವ ಮುಂಚೆ ಬಾವಿಯಿಂದ ಹೊಲಕ್ಕೆ ನೀರೆತ್ತುತ್ತಿದ್ದುದು ಕಪಿಲೆ ಬಾನಿಯಲ್ಲಿ. ದೊಡ್ಡ ತೊಗಲಿನ ಚೀಲ, ಅದಕ್ಕೊಂದು ಸೊಂಡಿಲು, ತೊಗಲಿನದೇ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಸತ್ತ ದನವನ್ನು ಹೊತ್ತು ತಂದು, ಸುಲಿದು, ಹದ ಮಾಡಿ, ಹೊಲಿದು ಕೊಟ್ಟವರು ಕೇರಿಯವರು. ಆ ತೊಗಲು ದಿನಕ್ಕೆ ನೂರು ಸಲ ಬಾವಿಗೆ ಇಳಿಯಬಹುದು. ಅದನ್ನು ಹೊಲಿದ ಕೈ ಒಂದು ಸಲ ಇಳಿದರೆ ಬಾವಿ ಕೆಡುತ್ತದೆ! 'ನಮ್ ಕೆರ ಹೊಲಿಯೋ ದಾರ್ದಲ್ಲೇ ಅವರ ಗದ್ದೆ ನೆನೀತಿತ್ತು' ಎಂದ ತಾತ. ಮಡಿ ಮೈಲಿಗೆಯ ಶಾಸ್ತ್ರ ಬರೆದವರು ಯಾರೇ ಇರಲಿ, ಅವರು ಬೇಸಾಯ ಮಾಡಿದವರಲ್ಲ.

ವಾದ್ಯಗಳ ಹತ್ತಿರ ತಮಟೆ. ತಾತ ಬೆರಳಿನಿಂದ ತಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದ. 'ಕಾಯ್ಸದೆ ಇದು ಮಾತಾಡಲ್ಲ ಕಣ್ಲಾ' ಎಂದ. ಹುಲ್ಲು ಹಚ್ಚಿ, ಬೆಂಕಿಗೆ ಹಿಡಿದು, ತೊಗಲು ಬಿಗಿದ ಮೇಲೆ ತಾನೇ ತಮಟೆಗೆ ನಾದ. ಈ ತಮಟೆಯ ವಿಚಾರದಲ್ಲಿ ನಮ್ಮ ಚಳವಳಿಯೊಳಗೇ ಎರಡು ಮನಸ್ಸಿತ್ತು. ಗೌಡರ ಹೆಣದ ಮುಂದೆ ಬಡಿಯೋದು ಬಿಟ್ಟುಬಿಡಿ ಎಂದು ಹೇಳಿದವರು ನಾವೇ, ಮೆರವಣಿಗೆಯಲ್ಲಿ ಅದೇ ತಮಟೆಯನ್ನು ಎದೆಗೇರಿಸಿಕೊಂಡವರೂ ನಾವೇ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದವರೆಗೆ ತಮಟೆ ಹೋಯಿತೆಂದು ನಾವೂ ಹಿಗ್ಗಿದೆವು. ಆದರೆ ಇನ್ನೂ ಎಷ್ಟೋ ಊರ ಹಬ್ಬಗಳಲ್ಲಿ ತಮಟೆಯವನು ಗುಡಿಯ ಮೆಟ್ಟಿಲಿನ ಕೆಳಗೇ ನಿಂತು ಬಡಿಯುತ್ತಾನೆ. ನಾದಕ್ಕೆ ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಇಷ್ಟೆಲ್ಲ ನೋಡುವ ಹೊತ್ತಿಗೆ ಬಿಸಿಲೇರಿತ್ತು. ಆಯಗಾರ ಮಾಳಕ್ಕೆ ಬಂದೆವು. ನಮ್ಮ ಚರಿತ್ರೆ ಇರುವುದು ಈ ಮಾತಿನಲ್ಲೇ. ಆಯ ಎಂದರೆ ಪಾಲು. ಸುಗ್ಗಿಯಲ್ಲಿ ಕಣದಿಂದ ಕಾಳು ಪಡೆದು ವರ್ಷವಿಡೀ ಊರಿಗೆ ದುಡಿಯುವವರು ಆಯಗಾರರು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಗ್ರಂಥದಲ್ಲಿ ಹನ್ನೆರಡು ಮಂದಿಯನ್ನು ಎಣಿಸುತ್ತಾನೆ: ಗೌಡ, ಶ್ಯಾನುಭೋಗ, ತಳಾರಿ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ. ಊರೆಂಬುದು ತನ್ನಷ್ಟಕ್ಕೆ ತಾನೇ ನಡೆಯುವ ಪುಟ್ಟ ಗಣರಾಜ್ಯ ಎಂದು ಬಿಳಿಯರು ಆಮೇಲೆ ಬೆರಗಾಗಿ ಬರೆದರು. ನಮ್ಮ ದೊಡ್ಡ ದೊಡ್ಡ ವಿದ್ವಾಂಸರೂ ಅದನ್ನೇ ಒಪ್ಪಿಕೊಂಡು ಗ್ರಾಮಸ್ವರಾಜ್ಯದ ಕನಸು ಕಂಡರು. ಆ ಪಟ್ಟಿಯಲ್ಲಿ ಗೌಡನೂ ತೋಟಿಯೂ ಒಂದೇ ಸಾಲಿನಲ್ಲಿದ್ದಾರೆ. ಕಣದಲ್ಲಿ ಇದ್ದರೋ?

ತಾತನ ಮಾತಿನಲ್ಲೇ ಹೇಳಬೇಕು: 'ಕುಂಬಾರ್ನಿಗೆ, ಕಮ್ಮಾರ್ನಿಗೆ ರಾಶಿಯಿಂದ ಮೊಗೆದು ಕೊಡೋರು. ನಮ್ಮಪ್ಪ ದೂರ ನಿಂತಿರೋನು. ಎಲ್ಲಾ ಆದ್ಮೇಲೆ ಕಣದ ಮಣ್ಣು ಗುಡಿಸಿಕೋ ಅನ್ನೋರು. ನಮ್ಮವ್ವ ಆ ಮಣ್ಣ ತಂದು ನೀರ್ಗಾಕಿ ಗಾಲಿಸಿ ರಾಗಿ ತಗಿಯೋಳು.' ಪೈರು ಕಾಯ್ದವನು ತೋಟಿ, ಅಳೆಯುವಾಗ ಕೋಲು ಹಿಡಿದವನು ತೋಟಿ, ಗೌಡನ ಮನೆಯ ಸಾವಿನ ಸುದ್ದಿಯನ್ನು ನಡುರಾತ್ರಿ ಹತ್ತು ಹಳ್ಳಿಗೆ ಮುಟ್ಟಿಸಿದವನು ತೋಟಿ. ಮಾಳದಲ್ಲಿ ಕುಂಬಾರನ ತಿಗರಿ ಇದೆ, ಕಮ್ಮಾರನ ಕುಲುಮೆಯ ಸಾಮಾನಿದೆ, ಗಾಣವಿದೆ. 'ನಮ್ಮಪ್ಪನ್ದು ಎಲ್ಲಿ?' ಎಂದು ತಾತ ಕೇಳಿದಾಗ ನಾವು ತಬ್ಬಿಬ್ಬಾದೆವು. ತಪ್ಪು ಇಟ್ಟವರದಲ್ಲ. ತೋಟಿಗೆ ಸಾಮಾನೇ ಇರಲಿಲ್ಲ! ಒಂದು ಕೋಲು, ಒಂದು ಕಂಬಳಿ, ಎರಡು ಕಾಲು. ಕಾಲನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ?

ಆಗ ತಾತ ಹೇಳಿದ್ದು ಮಣ್ಣುಂಡೆಯ ಕತೆ.

ಎರಡು ಊರಿಗೆ ಗಡಿ ಜಗಳ ಬಂದರೆ ಕುಳವಾಡಿಯನ್ನು ಕರೆಸುತ್ತಿದ್ದರಂತೆ. ಊರಿನ ಮಣ್ಣಿನಿಂದ ಒಂದು ಉಂಡೆ ಮಾಡಿ, ಅದರ ನಡುವೆ ಗುಳಿ ಮಾಡಿ ನೀರು ಹೊಯ್ದು, ಅವನ ತಲೆಯ ಮೇಲಿಡುವುದು. ಅವನು ನಡೆದ ದಾರಿಯೇ ಗಡಿ. ಹಿಂದೆ ಎರಡೂ ಊರಿನ ಜನ. ತಪ್ಪಿ ಒಂದು ಹೆಜ್ಜೆ ಆಚೆ ಇಟ್ಟರೂ ಉಂಡೆ ಒಡೆದುಹೋಗುತ್ತದೆ. ತಾತನ ತಾತ ಹಾಗೆ ನಡೆದವನಂತೆ. ನಾವು ಇದನ್ನು ಅಜ್ಜಿಕತೆ ಎಂದು ಚಿಕ್ಕಂದಿನಿಂದ ಕೇಳಿ ಬಿಟ್ಟಿದ್ದೆವು. ಕಾಲೇಜಿನ ಲೈಬ್ರರಿಯಲ್ಲಿ ಅದು ಅಚ್ಚಿನಲ್ಲಿ ಸಿಕ್ಕಾಗ ಮೈ ಜುಂ ಎಂದಿತ್ತು. ಜೆ.ಎಸ್.ಎಫ್. ಮೆಕೆಂಜಿ ಎಂಬ ಅಧಿಕಾರಿ (ಕೈಫಿಯತ್ತುಗಳ ಮೆಕೆಂಜಿ ಬೇರೆ, ಇವನು ಬೇರೆ) 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಮೈಸೂರು ಸೀಮೆಯ ಪದ್ಧತಿಗಳ ಬಗ್ಗೆ ಬರೆದ. 1909ರಲ್ಲಿ ಥರ್ಸ್ಟನ್ ತನ್ನ ಏಳು ಸಂಪುಟಗಳ ಜಾತಿಪುರಾಣದಲ್ಲಿ ಅದನ್ನೇ ಎತ್ತಿಕೊಂಡ. ಅದರಲ್ಲಿ ತಾತ ಹೇಳಿದ್ದೆಲ್ಲ ಇದೆ. ತಾತ ಹೇಳದ್ದೂ ಇದೆ: ಗಡಿ ತಪ್ಪಿದ ಕುಳವಾಡಿ ಹದಿನೈದು ದಿನದೊಳಗೆ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬುದು ಜನರ ನಂಬಿಕೆಯಾಗಿತ್ತಂತೆ. ಊರಿನ ಎಲ್ಲೆಯೊಳಗೆ ಸತ್ತ ದನದ ತೊಗಲು ಕುಳವಾಡಿಯ ಹಕ್ಕು. ಊರಿನ ಬೀಳು ನೆಲದಲ್ಲಿ ಹೆಣ ಹೂಳಬೇಕಾದರೆ ಅವನಿಗೆ ಕಾಸು ಸಲ್ಲಬೇಕು.

ಇನ್ನೊಂದು ಸಂಗತಿ ಅದರಲ್ಲಿದೆ, ಓದಿ ನಾವು ಮೂವರೂ ಲೈಬ್ರರಿಯಲ್ಲೇ ಗಟ್ಟಿಯಾಗಿ ನಕ್ಕು ಬೈಸಿಕೊಂಡಿದ್ದೆವು. ಹೊಲಗೇರಿಯೊಳಗೆ ಬ್ರಾಹ್ಮಣ ಕಾಲಿಟ್ಟರೆ ಕೇರಿಯವರೆಲ್ಲ ಒಟ್ಟಾಗಿ ಎದ್ದು ಬಂದು ಕೆರ ಹಿಡಿದು ಅಟ್ಟುತ್ತಿದ್ದರಂತೆ. ಕೇರಿ ದಾಟಿ ಬಂದರೆ ಅವನಿಗೆ ಅದೃಷ್ಟ, ಕೇರಿಗೆ ಕೇಡು. ಬೇರೆ ಜಾತಿಯವರು ಬಾಗಿಲವರೆಗೆ ಬರಬಹುದು, ಒಳಗೆ ಬರುವಂತಿಲ್ಲ. ತಪ್ಪಿ ಬಂದರೆ ಅವರ ಬಟ್ಟೆ ಹರಿದು, ಚುಂಗಿಗೆ ಉಪ್ಪು ಕಟ್ಟಿ ಹೊರಗೆ ನೂಕುವುದು. ಮುಟ್ಟಿಸಿಕೊಳ್ಳದವರು ನಾವು ಎಂದು ಊರು ಹೇಳಿತು. ನಿಮ್ಮನ್ನು ಮುಟ್ಟದವರು ನಾವು ಎಂದು ಕೇರಿಯೂ ಹೇಳುತ್ತಿತ್ತು. ಈ ಎರಡನೆಯ ಮಾತು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ನಮಗೆ ಸಿಗಲಿಲ್ಲ.

ಇದರಿಂದ ಮೆಕೆಂಜಿ ಏನು ತೀರ್ಮಾನಿಸಿದ? ಈ ನೆಲಕ್ಕೆ ಮೊದಲು ಬಂದವರು, ಊರು ಕಟ್ಟಿದವರು ಇವರೇ ಇರಬೇಕು, ಆದ್ದರಿಂದಲೇ ಗಡಿಯ ಸತ್ಯ ಇವರ ತಲೆಯ ಮೇಲಿದೆ ಎಂದು. ಹೊಲದವನೇ ಹೊಲೆಯ ಎಂದು ಪದ ಬಿಡಿಸಿದವರಿದ್ದಾರೆ. ಅಲ್ಲ, ಹೊಲೆ ಎಂದರೆ ಮೈಲಿಗೆ, ಅದರಿಂದ ಬಂದದ್ದು ಎಂದವರೂ ಇದ್ದಾರೆ. ಹಳೇ ಮೈಸೂರಿನ ಕಡೆ ಒಕ್ಕಲ ಮನೆಗೆ ತಲೆತಲಾಂತರದಿಂದ ದುಡಿಯುವ ಕೇರಿಯವನನ್ನು 'ಹಳೇಮಗ' ಎಂದು ಕರೆಯುತ್ತಿದ್ದರು. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ಕೂಡ ಈ ಹಳೇಮಗತನವನ್ನು ದಾಖಲಿಸಿದ್ದಾರೆ. ಮಾತು ಎಷ್ಟು ಮುದ್ದಾಗಿದೆ ನೋಡಿ! ಹಿರೀಮಗ ಎಂದ ಮೇಲೆ ಆಸ್ತಿಯಲ್ಲಿ ಪಾಲು ಕೊಡಬೇಕು, ಹಳೇಮಗ ಎಂದರೆ ಕೊಡಬೇಕಿಲ್ಲ.

ಮೊದಲಿಗರು ನಾವು ಎಂಬ ಮಾತು ಕಿವಿಗೆ ಇಂಪು. ಇಪ್ಪತ್ತು ವರ್ಷದ ರಕ್ತಕ್ಕೆ ಇನ್ನೂ ಇಂಪು. ಆದರೆ ಬಾಬಾಸಾಹೇಬರು ಈ ದಾರಿ ಹಿಡಿಯಲಿಲ್ಲ. 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು, ಯುದ್ಧಗಳಲ್ಲಿ ಸೋತು ಚೂರಾದ ಗುಂಪುಗಳನ್ನು ನೆಲೆಸಿದ ಊರುಗಳು ಕಾವಲಿಗಾಗಿ ಹೊರಗಡೆ ಇರಿಸಿಕೊಂಡವು ಎಂಬ ವಾದವನ್ನು ಮುಂದಿಟ್ಟರು. ರಕ್ತ ಬೇರೆ, ಬುಡಕಟ್ಟು ಬೇರೆ ಎಂಬ ವಾದವನ್ನು ತಳ್ಳಿಹಾಕಿದರು. ಅಂದರೆ ಮೆಕೆಂಜಿಗೆ ನಾವು ಊರಿನ ಮೊದಲ ಒಡೆಯರು, ಬಾಬಾಸಾಹೇಬರಿಗೆ ಊರಿನಾಚೆ ನಿಲ್ಲಿಸಿದ ಕಾವಲಿನವರು. ಎರಡೂ ಒಟ್ಟಿಗೆ ನಿಜವಾಗಲಾರದು. ಈ ಬಗ್ಗೆ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನಾವು ಜಗಳವಾಡಿದೆವು. ನಮಗೆ ಕಾಣುವುದು ಇಷ್ಟು: ಒಡೆಯನೋ ಕಾವಲಿನವನೋ, ಗಡಿಯನ್ನು ತಿಳಿದವನು ಅವನೊಬ್ಬನೇ ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಇನ್ನು ಮೊದಲಿಗರ ಪಟ್ಟ ಕಟ್ಟಿಕೊಳ್ಳಲು ಅವಸರ ಪಟ್ಟರೆ ರಾಮನಗರ, ಮಾಗಡಿ, ಕನಕಪುರದ ಕಾಡಂಚಿನಲ್ಲಿರುವ ಇರುಳಿಗರಿಗೆ ಏನು ಹೇಳುತ್ತೇವೆ? ಅವರ ಗೆಣಸು ಜೇನಿನ ಕಾಡಿಗೆ ಕೊಡಲಿ ಹಾಕಿ ಹೊಲ ಮಾಡಿದ ಕೈಗಳಲ್ಲಿ ನಮ್ಮ ಹಿರಿಯರ ಕೈಯೂ ಇತ್ತು.

ಊರು ಕಟ್ಟಿದವರ ಹೆಸರಿನ ವಿಚಾರಕ್ಕೆ ಬಂದರೆ ಈ ರಾಮನಗರವನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್. ಆಮೇಲೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. ಸುಲ್ತಾನನ ಕಾಲದ ಹೆಸರು ಹೋಗಿ ದೊರೆಯ ಹೆಸರು, ದೊರೆಯದು ಹೋಗಿ ದೇವರದು. ಕಲ್ಲೊಡೆದವರ ಹೆಸರಿನ ಸರದಿ ಬರಲೇ ಇಲ್ಲ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಗಬ್ಬರ್ ಸಿಂಗನ ಬಂಡೆಯನ್ನು ಮಾತ್ರ ಇಲ್ಲಿ ಯಾವ ಹುಡುಗನನ್ನು ಕೇಳಿದರೂ ತೋರಿಸುತ್ತಾನೆ.

ಈ ಸೀಮೆಯ ಮಂಚನಬೆಲೆಯಲ್ಲೇ ಹುಟ್ಟಿದವರು ಕವಿ ಸಿದ್ಧಲಿಂಗಯ್ಯ. ಬೀದಿಯ ಮೆರವಣಿಗೆಗೆ ಹಾಡು ಕೊಟ್ಟ ಅವರೇ ಗ್ರಾಮದೇವತೆಗಳ ಬೆನ್ನು ಹತ್ತಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. 2021ರಲ್ಲಿ ತೀರಿಕೊಂಡರು. ಜಾನಪದವೆಂದರೆ ಬರೀ ಹಿಂದಕ್ಕೆ ನೋಡುವ ಚಾಳಿ, ಬಂಡಾಯದವರಿಗೆ ಅದರ ಗೊಡವೆ ಯಾಕೆ ಎನ್ನುವ ಗೆಳೆಯರು ಇದನ್ನು ಮರೆಯಬಾರದು.

ಊಟಕ್ಕೆ ಮರದಡಿ ಕೂತಾಗ ತಾತ ಜಮೀನಿನ ಮಾತೆತ್ತಿದ. ಇದನ್ನು ಬರೆಯಲೆಂದೇ ನಾವು ಈ ಲೇಖನ ಹಿಡಿದದ್ದು.

ತೋಟಿಯ ಚಾಕರಿಗೆ ಪ್ರತಿಯಾಗಿ ಊರು ಒಂದು ತುಂಡು ಇನಾಮ್ತಿ ನೆಲ ಬಿಟ್ಟಿತ್ತು. ಚಾಕರಿ ಇರುವಷ್ಟು ದಿನ ನೆಲ. ಬಿಟ್ಟಿ ಚಾಕರಿ ಎಂಬುದು ಹೀಗೆ ನೆಲದ ಆಸೆಯಿಂದಲೇ ಕಾಲಿಗೆ ಕಟ್ಟಿದ ಹಗ್ಗ. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇದೇ ಹಗ್ಗ ಕಡಿಯಲು. ಆಗ ಮುಂಬಯಿ ಪ್ರಾಂತ್ಯದೊಳಗಿದ್ದ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರದ ಹೊಲೆಯರಿಗೂ ಆ ಮಾತು ಸೇರಿತ್ತು. ನಮ್ಮ ಕಡೆ ಹಗ್ಗ ಕಡಿದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ. 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಗೌಡಿಕೆ, ಶ್ಯಾನುಭೋಗಿಕೆ, ತೋಟಿಕೆ ಎಲ್ಲ ಹೋದವು. ನಿಗದಿಯಾದ ಹಣ ಕಟ್ಟಿದರೆ ಇನಾಮ್ತಿ ನೆಲ ದುಡಿದವನ ಹೆಸರಿಗೇ ಮರುಮಂಜೂರು. ಆಗ ತಾತನಿಗೆ ಇಪ್ಪತ್ತರ ಹತ್ತಿರದ ವಯಸ್ಸು. 'ನಮ್ಮಪ್ಪ ಆವತ್ತು ತಮಟೆ ಬಡ್ಕೊಂಡು ಕುಣಿದ, ತನಗಾಗಿ ಬಡಿದಿದ್ದು ಅದೊಂದೇ ಸಲ' ಎಂದ ತಾತ.

ಕುಣಿತ ಹೆಚ್ಚು ದಿನ ನಡೆಯಲಿಲ್ಲ. ಅರ್ಜಿ ಬರೆಯಲು ಒಬ್ಬರ ಮನೆ ಬಾಗಿಲು, ಹಣ ಕಟ್ಟಲು ಇನ್ನೊಬ್ಬರ ಹತ್ತಿರ ಸಾಲ. ಕೆಲವೇ ವರ್ಷಗಳಲ್ಲಿ ಮಗಳ ಮದುವೆ ಬಂತು, ಸಾಲ ಕೊಟ್ಟವರೇ ಹೆಬ್ಬೆಟ್ಟು ಒತ್ತಿಸಿಕೊಂಡು ನೆಲ ಬರೆಸಿಕೊಂಡರು. ಹೆಸರು ಬೇಡ. ಇಂಥ ಮನೆ ಪ್ರತಿ ಊರಲ್ಲೂ ಒಂದಿದೆ.

ದೇವರಾಜ ಅರಸರ ಸರ್ಕಾರ 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯಿದೆ ತಂದಾಗ ಕೇರಿಗಳಲ್ಲಿ ದೀಪ ಹತ್ತಿದಂತಾಯಿತು. ಕಳೆದುಹೋದ ನೆಲ ತಿರುಗಿ ಬರುತ್ತದೆ ಎಂದು ಜನ ಹಳೇ ಕಾಗದಗಳನ್ನು ಹುಡುಕಿದರು. ತಾತನೂ ಹುಡುಕಿದ. ಆದರೆ ಆ ಕಾಯಿದೆಯಲ್ಲಿ 'ಮಂಜೂರಾದ ಜಮೀನು' ಎಂದರೆ ಏನು ಎಂದು ಹೇಳುವ ಸಾಲಿನಲ್ಲಿ ಒಂದು ತುಂಡು ಮಾತಿದೆ: ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಬಿಟ್ಟು. ಭೂಸುಧಾರಣೆಯದು ಸೇರಿತು, ಬೇರೆ ಇನಾಮು ರದ್ದತಿಯದು ಸೇರಿತು, ತೋಟಿ ನೀರಗಂಟಿಗಳ ಚಾಕರಿ ನೆಲ ಹೊರಗೆ ನಿಂತಿತು. ಅದೇ 1978ರಲ್ಲಿ ಹುದ್ದೆ ರದ್ದಿಯಾತಿ ಕಾಯಿದೆಗೂ ತಿದ್ದುಪಡಿ ಬಂದು, ಮರುಮಂಜೂರಾದ ನೆಲವನ್ನು 15 ವರ್ಷ ಮಾರುವಂತಿಲ್ಲ ಎಂದಾಯಿತು. ನಮ್ಮದು ಅದಕ್ಕೂ ಮುಂಚೆಯೇ ಹೋಗಿತ್ತು. ತಲೆಮಾರುಗಳಿಂದ ದುಡಿದು ಪಡೆದ ನೆಲಕ್ಕೆ, ತಲೆಮಾರುಗಳಿಂದ ದುಡಿದದ್ದೇ ಅಡ್ಡಿಯಾಯಿತು. ಕಾಯಿದೆಯ ಆ ಸಾಲನ್ನು ನಾವು ಮೊದಲ ಸಲ ತಾತನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಆ ಮರದಡಿಯಲ್ಲೇ. ಅಷ್ಟು ವರ್ಷ ಅವನು ಕಾಗದ ಎಲ್ಲೋ ಕಳೆದಿರುವುದು ತನ್ನದೇ ತಪ್ಪು ಅಂದುಕೊಂಡಿದ್ದ.

ಬುತ್ತಿ ಬಟ್ಟೆ ಮಡಿಸುತ್ತಾ ಸುಮ್ಮನಿದ್ದ. ಆಮೇಲೆ, 'ನೆಲ ಹೋಗ್ಲಿ, ಗಡಿ ತೋರಿಸ್ತೀನಿ ಬರ್ರಲಾ. ನಾನ್ ಹೋದ್ರೆ ಅದೂ ಹೋಯ್ತು' ಎಂದ.

ಮುಂದಿನ ಭಾನುವಾರ ನೋಟುಬುಕ್ಕು ಹಿಡಿದು ಹೊರಟೆವು. ಮೂಡಲ ದಿಕ್ಕಿನ ಬಸುರಿಮರದಿಂದ ಶುರು. ತಾತ ಕೋಲೂರಿ ಮುಂದೆ, ನಾವು ಹಿಂದೆ. ಹಳ್ಳ, ಹುತ್ತ, ಎರಡು ಹುಣಸೆಮರದ ಸಾಲು, ಬೋರೆಯ ಮೇಲಿನ ಚಪ್ಪಡಿ. ಒಂದೊಂದಕ್ಕೂ ಒಂದೊಂದು ಹೆಸರು, ಯಾವ ಸರ್ವೆ ನಕ್ಷೆಯಲ್ಲೂ ಇರಲಾರದ ಹೆಸರು. ಮೂವತ್ತೊಂದು ಹೆಸರು ಬರೆದುಕೊಂಡೆವು. ಬೋರೆ ಇಳಿದ ಮೇಲೆ ಸಿಮೆಂಟು ಕಾಂಪೌಂಡು ಅಡ್ಡ ಬಂತು. ಹೊಸ ಬಡಾವಣೆ, ಗೇಟು, ಒಬ್ಬ ವಾಚ್‌ಮನ್. ನಮ್ಮ ವಯಸ್ಸಿನವನೇ, ಬಡಗಣ ಸೀಮೆಯ ಕಡೆಯವನು. ಒಳಗೆ ಬಿಡುವ ಹಾಗಿಲ್ಲ ಎಂದ. ತಾತ ಗೋಡೆಗೆ ಕೈಯಿಟ್ಟು ನಿಂತು, 'ಗಡಿಕಲ್ಲು ಇದರೊಳಗೆ, ಆ ನೀಲಿ ಟ್ಯಾಂಕಿನ ಬುಡದಲ್ಲೈತೆ ಕಣಪ್ಪಾ' ಎಂದ. ಹುಡುಗ ತಿರುಗಿ ಟ್ಯಾಂಕಿನ ಕಡೆ ನೋಡಿದ. 'ಅಲ್ಲಿ ಒಂದ್ ಕಲ್ಲಿತ್ತು ಅಜ್ಜಾ, ಹೋದ್ ತಿಂಗಳ ಜೆ.ಸಿ.ಬಿ.ಯಾಗ ಎತ್ತಿ ಹಾಕ್ಯಾರ' ಎಂದು, ತಾತನಿಗೆ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ ಕುಡಿಯಲು ನೀರು ಕೊಟ್ಟ.